ಕುಕೀ, ಬಳಕೆಯ ಷರತ್ತು, ಮತ್ತು ಎರಡು ಬಗೆಯ ಒಪ್ಪಿಗೆ

ಎಚ್‌ಟಿಟಿಪಿಗೆ, ಅಂದರೆ ವೆಬ್ ಪುಟ ಕೇಳುವ-ಕೊಡುವ ನಿಯಮಾವಳಿಗೆ, ನೆನಪಿಲ್ಲ. ಈ ಪಾಠದ ಬೇರು ಇರುವುದೇ ಇಲ್ಲಿ. ಬ್ರೌಸರ್ ಒಂದು ಪುಟ ಕೇಳುತ್ತದೆ, ಆ ಪುಟ ಇಟ್ಟಿರುವ ಕಂಪ್ಯೂಟರ್, ಅಂದರೆ ಸರ್ವರ್, ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೂ ಸರ್ವರ್ ಪಾಲಿಗೆ ಅದು ಹೊಸ ಮುಖ. ಓದಲಷ್ಟೇ ಇದ್ದ ಪುಟಗಳಿಗೆ ಇದರಿಂದ ತೊಂದರೆಯಿರಲಿಲ್ಲ, ಅಂಗಡಿ ತೆರೆಯಲು ಮಾತ್ರ ಸಾಲಲಿಲ್ಲ. 1994ರಲ್ಲಿ ಎಂಸಿಐ ಎಂಬ ದೂರಸಂಪರ್ಕ ಕಂಪನಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಮುಂದೆ ಒಂದು ಬೇಡಿಕೆ ಇಟ್ಟಿತು: ಗ್ರಾಹಕರು ಅರ್ಧ ಆರಿಸಿಟ್ಟ ಸಾಮಾನಿನ ಲೆಕ್ಕ ನಮ್ಮ ಸರ್ವರ್‌ನಲ್ಲಿ ಕೂರುವುದು ಬೇಡ, ಅವರವರ ಕಂಪ್ಯೂಟರಿನಲ್ಲೇ ಇರಲಿ. ಅದಕ್ಕೆ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲ್ಲಿ ಕೊಟ್ಟ ಉತ್ತರವೇ ಕುಕೀ. ಅದೇ ಅಕ್ಟೋಬರ್‌ನಲ್ಲಿ ಹೊರಬಂದ ನೆಟ್‌ಸ್ಕೇಪ್ ಬೀಟಾದಲ್ಲಿ ಅದು ಇತ್ತು.

ಕೆಲಸ ಮಾಡುವ ರೀತಿ ಸರಳ. ಸರ್ವರ್ ತನ್ನ ಉತ್ತರದ ಹೆಡರ್‌ನಲ್ಲಿ, ಅಂದರೆ ಪುಟಕ್ಕಿಂತ ಮೊದಲು ಹೋಗುವ ತಲೆಸಾಲುಗಳಲ್ಲಿ, ‘ಸೆಟ್-ಕುಕೀ’ ಎಂಬ ಸಾಲು ಕಳಿಸುತ್ತದೆ. ಅದರಲ್ಲಿ ಒಂದು ಹೆಸರು, ಒಂದು ಮೌಲ್ಯ ಇರುತ್ತದೆ. ಬ್ರೌಸರ್ ಅದನ್ನು ಬರೆದಿಟ್ಟುಕೊಂಡು, ಆ ತಾಣಕ್ಕೆ ಮುಂದೆ ಕಳಿಸುವ ಕೋರಿಕೆಗಳ ಜೊತೆ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಕುಕೀ ಪ್ರೋಗ್ರಾಂ ಅಲ್ಲ, ತಾನಾಗಿ ಓಡುವುದಿಲ್ಲ, ನಿಮ್ಮ ಫೈಲು ತೆರೆದು ನೋಡುವುದಿಲ್ಲ. ಉತ್ತರ ಪತ್ರಿಕೆಯಲ್ಲಿ ಅದನ್ನು ವೈರಸ್ ಎಂದು ಬರೆಯಬೇಡಿ. ಒಂದೊಂದರ ಗಾತ್ರಕ್ಕೂ ಸುಮಾರು 4 ಕೆಬಿಯ ಮಿತಿ ಇದೆ.

ಲಾಗಿನ್ ಕುಕೀಯಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಇರುವುದಿಲ್ಲ, ಉದ್ದನೆಯ ಗುರುತು ಸಂಖ್ಯೆಯೊಂದು ಇರುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಸಿಗುವ ಟೋಕನ್ ನೆನೆಸಿಕೊಳ್ಳಿ: ಚಪ್ಪಲಿ ಒಳಗಡೆ, ಕೈಯಲ್ಲಿ ಬರೀ ನಂಬರು. ಆದರೆ ನಂಬರು ಯಾರ ಕೈ ಸೇರಿತೋ ಚಪ್ಪಲಿಯೂ ಅವರದೇ. ಅದಕ್ಕಾಗಿಯೇ ಕುಕೀಗೆ ಕೆಲವು ಕಟ್ಟುಪಾಡು ಅಂಟಿಸುತ್ತಾರೆ. ‘ಸೆಕ್ಯೂರ್’ ಎಂದಿದ್ದರೆ ಗುಪ್ತಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ದಾರಿಯಲ್ಲಿ ಮಾತ್ರ ಹೋಗುತ್ತದೆ. ‘ಎಚ್‌ಟಿಟಿಪಿ-ಓನ್ಲಿ’ ಎಂದಿದ್ದರೆ ಪುಟದಲ್ಲಿ ನುಸುಳಿದ ಜಾವಾಸ್ಕ್ರಿಪ್ಟ್ (ಬ್ರೌಸರ್‌ನೊಳಗೆ ಓಡುವ ಪ್ರೋಗ್ರಾಂ) ಅದನ್ನು ಓದಲಾರದು. ‘ಸೇಮ್‌ಸೈಟ್’ ಎಂಬುದು ಬೇರೆ ತಾಣದಿಂದ ಹುಟ್ಟಿದ ಕೋರಿಕೆಯ ಜೊತೆ ಕುಕೀ ಹೋಗಬೇಕೇ ಬೇಡವೇ ಎಂದು ಹೇಳುತ್ತದೆ. ಅವಧಿ ಬರೆದಿದ್ದರೆ ಅಲ್ಲಿಯವರೆಗೆ ಉಳಿಯುತ್ತದೆ, ಬರೆಯದಿದ್ದರೆ ಅದು ಸೆಷನ್ ಕುಕೀ, ಸಾಮಾನ್ಯವಾಗಿ ಬ್ರೌಸರ್ ಮುಚ್ಚಿದಾಗ ಅಳಿಯುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಮೂರನೆಯವರ ಕುಕೀಗೆ. ನೀವು ತೆರೆದ ಸುದ್ದಿ ಪುಟದಲ್ಲಿ ಒಂದು ಜಾಹೀರಾತು ಬೇರೆ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಆ ಸರ್ವರ್ ಕೂಡ ತನ್ನ ಕುಕೀ ಇಡುತ್ತದೆ. ನಾಳೆ ನೀವು ತೆರೆದ ಅಡುಗೆ ತಾಣದಲ್ಲೂ ಅದೇ ಕಂಪನಿಯ ಜಾಹೀರಾತಿದ್ದರೆ ಕುಕೀ ಅಲ್ಲಿಂದಲೂ ಅದಕ್ಕೇ ವಾಪಸಾಗುತ್ತದೆ. ಹೀಗೆ ನಿಮ್ಮ ಓಡಾಟದ ದಾಖಲೆ ಒಂದೆಡೆ ಬೆಳೆಯುತ್ತದೆ. ಈ ಅಪಾಯ ಮೊದಲೇ ಗೊತ್ತಿತ್ತು: ಕುಕೀಗೆ ನಿಯಮ ಬರೆದ 1997ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 2109, ಬಳಕೆದಾರ ತಾನಾಗಿ ಆರಿಸಿಕೊಳ್ಳದ ಹೊರತು ಇಂಥ ಕುಕೀಗಳಿಗೆ ಅವಕಾಶ ಇರಬಾರದು ಎಂದಿತ್ತು. ಆಗಿನ ದೊಡ್ಡ ಬ್ರೌಸರ್‌ಗಳು ಅದನ್ನು ಪಾಲಿಸಲಿಲ್ಲ. ಆ್ಯಪಲ್‌ನ ಸಫಾರಿ ಬ್ರೌಸರ್ ಇವನ್ನು ಪೂರ್ತಿ ತಡೆದದ್ದು 2020ರಲ್ಲಿ. ಕ್ರೋಮ್‌ನಿಂದ ತೆಗೆಯುತ್ತೇವೆಂದು ಅದೇ ವರ್ಷ ಹೇಳಿದ ಗೂಗಲ್, 2024ರಲ್ಲಿ ಆ ಯೋಜನೆ ಬಿಟ್ಟಿತು. ಇದು ತಂತ್ರಜ್ಞಾನದ ಸೋಲಲ್ಲ, ಜಾಹೀರಾತಿನ ಹಣದ ಗೆಲುವು ಎಂದೇ ನನ್ನ ಅಭಿಪ್ರಾಯ. ಓದಿ ಬಿಡಬೇಡಿ, ಕಂಪ್ಯೂಟರಿನಲ್ಲಿ ಎಫ್12 ಒತ್ತಿ, ಕ್ರೋಮ್ ಆದರೆ ‘ಅಪ್ಲಿಕೇಶನ್’, ಫೈರ್‌ಫಾಕ್ಸ್ ಆದರೆ ‘ಸ್ಟೋರೇಜ್’ ತೆರೆದು ಪಟ್ಟಿ ನೋಡಿ.

ಈಗ ಬಳಕೆಯ ಷರತ್ತು. ಇದು ಕರಾರು, ಅಂದರೆ ನಮ್ಮಲ್ಲಿ 1872ರ ಕರಾರು ಕಾಯ್ದೆಯ ವಿಷಯ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಕಲಂ 10ಎ ಹೇಳುತ್ತದೆ. ಹಾಗಾದರೆ ಓದದೇ ಇದ್ದ ಷರತ್ತು ನಮ್ಮನ್ನು ಕಟ್ಟಿಹಾಕುತ್ತದೆಯೇ? ಅಮೆರಿಕದ ಪ್ರಸಿದ್ಧ ಪ್ರಕರಣ ಮತ್ತೆ ನೆಟ್‌ಸ್ಕೇಪ್‌ನದೇ. ಸ್ಮಾರ್ಟ್‌ಡೌನ್‌ಲೋಡ್ ಎಂಬ ಉಚಿತ ತಂತ್ರಾಂಶ ತಮ್ಮ ಚಟುವಟಿಕೆಯ ಮಾಹಿತಿಯನ್ನು ಕಂಪನಿಗೆ ರವಾನಿಸುತ್ತಿದೆ ಎಂದು ಬಳಕೆದಾರರು ದಾವೆ ಹೂಡಿದರು. ಷರತ್ತಿನ ಪ್ರಕಾರ ಇದು ಮಧ್ಯಸ್ಥಗಾರರ ಮುಂದೆ ಹೋಗಬೇಕು, ಕೋರ್ಟಿಗಲ್ಲ ಎಂದಿತು ಕಂಪನಿ. ಆದರೆ ಆ ಷರತ್ತಿನ ಕೊಂಡಿ ಇದ್ದದ್ದು ಡೌನ್‌ಲೋಡ್ ಬಟನ್‌ಗಿಂತ ಕೆಳಗೆ, ಪುಟ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ. 2002ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಬರೆದ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್, ಕಣ್ಣಿಗೇ ಬೀಳದ ಷರತ್ತಿಗೆ ಆ ಕ್ಲಿಕ್ ಒಪ್ಪಿಗೆಯಾಗದು ಎಂದರು. ಷರತ್ತು ಎದುರಿಗೇ ಇದ್ದು ‘ಒಪ್ಪುತ್ತೇನೆ’ ಒತ್ತಿದ್ದರೆ ಲೆಕ್ಕ ಬೇರೆ. ಆಗ ಓದಲಿಲ್ಲ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕರಾರಿಗೆ ಕೊಟ್ಟ ಒಪ್ಪಿಗೆ ಕುಕೀಗೆ ಕೊಟ್ಟ ಒಪ್ಪಿಗೆಯಲ್ಲ. ಕರಾರಿನಲ್ಲಿ ಓದುವ ಅವಕಾಶ ಇತ್ತೇ ಎಂಬುದು ಮುಖ್ಯ ಪ್ರಶ್ನೆ. ದತ್ತಾಂಶದ ಕಾನೂನಿನಲ್ಲಿ ಬಳಕೆದಾರ ತಿಳಿದು, ಒಂದೊಂದಕ್ಕೂ ಬಿಡಿಬಿಡಿಯಾಗಿ, ತಾನಾಗಿ ಹೂಂ ಅಂದನೇ ಎಂದು ಕೇಳುತ್ತಾರೆ. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು ಇದೇ ನೆಲೆಯಲ್ಲಿ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ‘ಕುಕೀ’ ಎಂಬ ಪದ ಇಲ್ಲ. ಆದರೆ ಕುಕೀಯಿಂದ ವ್ಯಕ್ತಿಯ ಗುರುತು ಹಿಡಿಯಬಹುದಾದರೆ ಅದು ವೈಯಕ್ತಿಕ ದತ್ತಾಂಶವೇ. ಒಪ್ಪಿಗೆ ಕೇಳುವಾಗ ಕೊಡಬೇಕಾದ ಕಲಂ 5ರ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು, ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಕಲಂ 6ರಲ್ಲಿ ಕಾಯ್ದೆಯೇ ಕೊಟ್ಟ ಉದಾಹರಣೆ ಬಾಯಿಪಾಠ ಮಾಡಿಕೊಳ್ಳುವಂಥದ್ದು: ಒಬ್ಬಾಕೆ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯರನ್ನು ಕಾಣುವ) ಆ್ಯಪ್‌ನಲ್ಲಿ ಚಿಕಿತ್ಸೆಗೂ ಒಪ್ಪುತ್ತಾಳೆ, ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿ ಕೊಡಲೂ ಒಪ್ಪುತ್ತಾಳೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲ, ಆದ್ದರಿಂದ ಎರಡಕ್ಕೂ ಹೂಂ ಅಂದಿದ್ದರೂ ಆಕೆಯ ಒಪ್ಪಿಗೆ ಚಿಕಿತ್ಸೆಗಷ್ಟೇ ಸೀಮಿತ.