ಪುಡಿಯ ಹುಳಿ ಅಳೆಯುವ ಪೇಚು

ನಮ್ಮ ಮಂಡ್ಯದ ಕಡೆ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಬೀಳಬೇಕು ಅನ್ನುವುದು ಕೊಪ್ಪರಿಗೆ ಮುಂದೆ ನಿಂತವನ ಕಣ್ಣಿಗೇ ಗೊತ್ತು. ನಂಬಿಕೆ ಇಲ್ಲದವರು ಪಿಎಚ್ ಪಟ್ಟಿ ಅದ್ದಿ ನೋಡಬಹುದು. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕದ ಪುಡಿಗೆ ಆ ಸೌಕರ್ಯವಿಲ್ಲ. ಅದರ ಹುಳಿಯೆಲ್ಲ, ಅಂದರೆ ಆಮ್ಲಗುಣವೆಲ್ಲ, ಮೈಮೇಲೆ. ನೀರಿಗೆ ಹಾಕಿದರೆ ಮೈಯೇ ಬೇರೆಯಾಗುತ್ತದೆ.

ಒಂದು ಮಳೆಗಾಲದಲ್ಲಿ, ಮೈಸೂರಿನಲ್ಲಿ, ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಸಪ್ಪೆ ಮುಖ ಹೊತ್ತು ಬಂದಳು. ಅವಳದು ಅಲ್ಯೂಮಿನಾ ಮೇಲೆ ಜಿರ್ಕೋನಿಯಾ ಕೂರಿಸಿ ಸಲ್ಫೇಟ್ ಏರಿಸಿದ ಪುಡಿ. "ಸರ್, ಸೋಮವಾರ ಒಂದು ಉತ್ತರ, ಗುರುವಾರ ಇನ್ನೊಂದು."

"ಪುಡಿ ಎಲ್ಲಿಟ್ಟಿದ್ದೆಯಮ್ಮ?"

"ಬೆಂಚ್ ಮೇಲೆ."

ಅಲ್ಲೇ ಇತ್ತು ಉತ್ತರ. ಗಾಳಿಯ ತೇವ ಆಮ್ಲತಾಣಗಳ, ಅಂದರೆ ಹುಳಿ ಕೂತ ಜಾಗಗಳ, ಮೇಲೆ ಮೊದಲೇ ಜಾಗ ಹಿಡಿದಿರುತ್ತದೆ. ಅದೂ ಅಲ್ಲದೆ, ಎಲೆಕ್ಟ್ರಾನ್ ಜೋಡಿಗೆ ಕೈಚಾಚುವ ಲೂಯಿಸ್ ತಾಣಕ್ಕೆ ನೀರು ಅಂಟಿದರೆ ಅದು ಪ್ರೋಟಾನ್ ಕೊಡುವ ಬ್ರಾನ್‌ಸ್ಟೆಡ್ ತಾಣವಾಗಿಬಿಡಬಹುದು. ಪುಡಿಯನ್ನು ಕಾಯಿಸಿ, ತೇವ ತಾಕದ ಡೆಸಿಕೇಟರ್‌ನಲ್ಲಿ ಆರಿಸಿ, ಒಣಗಿಸಿದ ಸೈಕ್ಲೋಹೆಕ್ಸೇನಿನಲ್ಲೇ ಬ್ಯುಟೈಲ್‌ಅಮೀನ್ ಟೈಟ್ರೇಷನ್ ಮಾಡಬೇಕು, ಅಂದರೆ ಸೂಚಕದ ಬಣ್ಣ ಬದಲಾಗುವವರೆಗೆ ಆ ಕ್ಷಾರವನ್ನು ಹನಿಹನಿಯಾಗಿ ಬೀಳಿಸಬೇಕು. ಅವಸರವೂ ಕೂಡದು: ಅಮೀನ್ ರಂಧ್ರಗಳ ಒಳಗೆ ಇಳಿಯಲು ಹೊತ್ತು ಬೇಕು.

ಈ ವಿಧಾನ ಅಗ್ಗ, ಹಾಗಾಗಿ ನನಗೆ ಇಷ್ಟ. ನ್ಯೂಟ್ರಲ್ ರೆಡ್ ಎಂಬ ಸೂಚಕ ಬಣ್ಣ ಬದಲಿಸಿದರೆ, ಅಂಕಿ ಇಳಿದಷ್ಟೂ ಆಮ್ಲದ ಬಲ ಏರುವ ಎಚ್‌ನಾಟ್ ಮಾಪಕದಲ್ಲಿ +6.8ಕ್ಕಿಂತ ಕೆಳಗಿನ ಬಲ. ಡೈಮೀಥೈಲ್ ಯೆಲ್ಲೋ ಕೆಂಪಾದರೆ +3.3ಕ್ಕಿಂತ ಕೆಳಗೆ, ಆಂತ್ರಕ್ವಿನೋನ್ ಹಳದಿಯಾದರೆ -8.2ಕ್ಕಿಂತ ಕೆಳಗೆ, ಅಂದರೆ ಬಹಳ ಖಾರದ ಆಮ್ಲ. ಆದರೆ ವೆನೇಡಿಯಂ ಆಕ್ಸೈಡಿನಂಥ ಹಳದಿ ಪುಡಿಯಲ್ಲಿ ಹಳದಿ ಗುರುತಿಸುವವರು ಯಾರು?

ಆದ್ದರಿಂದಲೇ ಎಲ್ಲರೂ ಅಮೋನಿಯಾ ಟಿಪಿಡಿಗೆ, ಅಂದರೆ ಬಿಸಿ ಏರಿಸುತ್ತ ಅಂಟಿದ ಅನಿಲ ಬಿಡಿಸಿ ಅಳೆಯುವ ವಿಧಾನಕ್ಕೆ, ಓಡುತ್ತಾರೆ. ಪುಡಿಗೆ ಅಮೋನಿಯಾ ಕುಡಿಸಿ, 100 ಡಿಗ್ರಿಯ ಸುಮಾರಿಗೆ ಹೀಲಿಯಂ ಹರಿಸಿ ಸಡಿಲವಾಗಿ ಅಂಟಿದ್ದನ್ನು ತೊಳೆದು, ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿಯೇರಿಸುವುದು. ತಾಣ ಬಲವಾದಷ್ಟೂ ಅಮೋನಿಯಾ ತಡವಾಗಿ ಬಿಡುತ್ತದೆ. ನನ್ನ ತಕರಾರು ಡಿಟೆಕ್ಟರ್ ಬಗ್ಗೆ. ಸಾಮಾನ್ಯವಾಗಿ ಇರುವುದು ಉಷ್ಣವಾಹಕತೆ ನೋಡುವ ಟಿಸಿಡಿ. ಅದು ಗೇಟಿನಲ್ಲಿ ತಲೆ ಎಣಿಸುವ ಕಾವಲುಗಾರ, ಮುಖ ನೋಡುವುದಿಲ್ಲ. ನೀರು, ಸಲ್ಫರ್ ಡೈಆಕ್ಸೈಡ್, ಏನು ಬಂದರೂ ಗ್ರಾಫಿನಲ್ಲಿ ಒಂದು ಗುಡ್ಡ. ವೆನೇಡಿಯಂ, ಮಾಲಿಬ್ಡಿನಂ ಆಕ್ಸೈಡುಗಳಂತೂ ಬಿಸಿಯಲ್ಲಿ ಅಮೋನಿಯಾವನ್ನೇ ಉತ್ಕರ್ಷಿಸಿ ನೈಟ್ರೋಜನ್ ಮಾಡಿ ಕಳಿಸಬಲ್ಲವು. ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಹೊರಬಂದ ಅನಿಲವನ್ನು ಅಳತೆಯ ಆಮ್ಲದಲ್ಲಿ ಹಿಡಿದು ಮರುಟೈಟ್ರೇಟ್ ಮಾಡಿ. ಸಲ್ಫೇಟ್ ಇದ್ದರೆ ಅದೂ ಮೋಸ ಮಾಡುತ್ತದೆ, ಬಿಸಿಗೆ ಸಲ್ಫೇಟ್ ಒಡೆದು ಬರುವ ಸಲ್ಫರ್ ಡೈಆಕ್ಸೈಡ್ ತಾನೇ ಆಮ್ಲವಲ್ಲವೇ.

ಲೂಯಿಸ್ಸೋ ಬ್ರಾನ್‌ಸ್ಟೆಡ್ಡೋ ಎಂಬುದನ್ನು ಅಮೋನಿಯಾ ಹೇಳದು. ಅದಕ್ಕೆ ಪಿರಿಡಿನ್ ಅಂಟಿಸಿ ಇನ್‌ಫ್ರಾರೆಡ್ ನೋಡಬೇಕು: ಸೆಂಟಿಮೀಟರಿಗೆ 1450 ಅಲೆಗಳ ಸುತ್ತ ಲೂಯಿಸ್, 1540ರ ಸುತ್ತ ಬ್ರಾನ್‌ಸ್ಟೆಡ್. 1490ರದ್ದು ಇಬ್ಬರ ಪಾಲು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಲಿನದನ್ನು ಹೊತ್ತ ಆಧಾರದ ಆಮ್ಲವನ್ನೂ ಬೇರೆಯಾಗಿ ಅಳೆಯಿರಿ. ಬರೀ ಅಲ್ಯೂಮಿನಾಕ್ಕೇ ಲೂಯಿಸ್ ತಾಣಗಳುಂಟು. ಗ್ರಾಮಿನ ಲೆಕ್ಕವೂ ಸಾಲದು. ಗ್ರಾಮಿಗೆ 150 ಚದರ ಮೀಟರ್ ಮೈಯಿರುವ ಪುಡಿಯಲ್ಲಿ 0.30 ಮಿಲಿಮೋಲ್ ಆಮ್ಲತಾಣ, 50 ಚದರ ಮೀಟರಿನದರಲ್ಲಿ 0.20 ಬಂತೆನ್ನಿ. ಚದರ ಮೀಟರಿಗೆ ಭಾಗಿಸಿದರೆ ಎರಡನೆಯದೇ ಮೊದಲಿನದಕ್ಕಿಂತ ಇಮ್ಮಡಿ.

ಆ ಹುಡುಗಿಯ ಟಿಪಿಡಿ ಗ್ರಾಫಿನಲ್ಲಿ 600 ಡಿಗ್ರಿ ದಾಟಿದ ಮೇಲೆ ಎತ್ತರದ ಗುಡ್ಡವೊಂದಿತ್ತು. "ಸೂಪರ್ ಆಸಿಡ್ ಸರ್!" ಎಂದು ಕಣ್ಣರಳಿಸಿದ್ದಳು. ಅಮೋನಿಯಾ ಕುಡಿಸದೆ, ಬರೀ ಪುಡಿಯನ್ನೇ ಹಾಗೇ ಕಾಯಿಸಿ ನೋಡು ಅಂದೆ. ಮಾರನೆಯ ದಿನ ತಂದ ಹೊಸ ಗ್ರಾಫಿನಲ್ಲಿ ಕೆಳಗಿನ ಗುಡ್ಡಗಳೆಲ್ಲ ಮಾಯ. ಅದೊಂದು ಮಾತ್ರ ಇದ್ದಲ್ಲೇ ಇತ್ತು.