ಹರಿದ ಹಸ್ತಪ್ರತಿ: ಒಂದು ಸೇಡಿನ ಚಿತ್ರದ ಮರುಓದು

ಮೇಯಿರ್ ಜಾರ್ಕಿ ನಿರ್ದೇಶನದ ಈ ಅಮೆರಿಕನ್ ಚಿತ್ರ 1978ರಲ್ಲಿ ತೆರೆಕಂಡಾಗ ಅದರ ಹೆಸರು ‘ಡೇ ಆಫ್ ದಿ ವುಮನ್’. 1980ರಲ್ಲಿ ಹಂಚಿಕೆದಾರರು ಅದನ್ನೇ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ಎಂದು ಬದಲಿಸಿ ಮತ್ತೆ ಬಿಡುಗಡೆ ಮಾಡಿದರು. ಕಾದಂಬರಿ ಬರೆಯಲೆಂದು ನದಿ ದಂಡೆಯ ಒಂಟಿ ಮನೆಗೆ ಬಂದ ಜೆನ್ನಿಫರ್‌ಳ ಮೇಲೆ ನಾಲ್ವರು ಅತ್ಯಾಚಾರ ಎಸಗುತ್ತಾರೆ. ಬದುಕುಳಿದ ಆಕೆ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾಳೆ.

ವಿಮರ್ಶಕ ರೋಜರ್ ಈಬರ್ಟ್ ಇದನ್ನು ಕಟುವಾಗಿ ಖಂಡಿಸಿದರು. ಶಿಕಾಗೋದ ಚಿತ್ರಮಂದಿರದಲ್ಲಿ ಕೆಲವು ಪ್ರೇಕ್ಷಕರು ಅತ್ಯಾಚಾರದ ದೃಶ್ಯಗಳಿಗೆ ಗಟ್ಟಿಯಾಗಿ ಮೆಚ್ಚುಗೆ ಸೂಚಿಸಿದ್ದು ಅವರನ್ನು ಕಂಗೆಡಿಸಿತ್ತು. 1992ರಲ್ಲಿ ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ, ಇಂಥ ಚಿತ್ರಗಳಲ್ಲಿ ಗಂಡು ಪ್ರೇಕ್ಷಕನೂ ನೋವುಂಡ ಹೆಣ್ಣಿನ ಜಾಗದಲ್ಲಿ ನಿಂತು ನೋಡುತ್ತಾನೆ ಎಂದು ವಾದಿಸಿದರು. ನಾನು ಕ್ಲೋವರ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಚಿತ್ರದ ಮೊದಲರ್ಧದ ಮಟ್ಟಿಗೆ ಮಾತ್ರ.

ಆ ಅರ್ಧದಲ್ಲಿ ಗಮನಿಸಬೇಕಾದದ್ದು ಹಿನ್ನೆಲೆ ಸಂಗೀತವೇ ಇಲ್ಲದಿರುವುದು. ಯಾವ ವಾದ್ಯವೂ ನಮ್ಮ ಭಾವನೆಯನ್ನು ಮೊದಲೇ ಹದಗೊಳಿಸುವುದಿಲ್ಲವಾದ್ದರಿಂದ ಮೋಟಾರು ದೋಣಿಯ ಸದ್ದು, ಕಾಡಿನ ಮೌನ, ಆಕೆಯ ಕೂಗು ಬರಿದಾಗಿಯೇ ಕಿವಿಗೆ ಬೀಳುತ್ತವೆ. ದಾಳಿಕೋರರು ಅವಳ ಹಸ್ತಪ್ರತಿಯನ್ನು ಗೇಲಿ ಮಾಡುತ್ತಾ ಓದಿ ಹರಿದು ಹಾಕುತ್ತಾರೆ. ಮುಂದೆ ಆಕೆ ಒಬ್ಬಳೇ ಕುಳಿತು ಆ ಚೂರುಗಳನ್ನು ಟೇಪಿನಿಂದ ಅಂಟಿಸುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ದೃಶ್ಯವೇ, ಏಕೆಂದರೆ ಇಲ್ಲಿ ಆಕೆ ಬರಿಯ ದೇಹವಲ್ಲ, ಬರೆಯುವ ವ್ಯಕ್ತಿ.

ಸಾಗರ, ತೀರ್ಥಹಳ್ಳಿ ಕಡೆಯ ಯಕ್ಷಗಾನದಲ್ಲಿ ಕೀಚಕವಧೆ ನೋಡಿ ಬೆಳೆದ ನಮಗೆ ಒಂದು ಹೋಲಿಕೆ ನೆರವಾದೀತು. ಅವಮಾನಿತಳಾದ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಸಿಟ್ಟು ಅವಳದು, ಕೊಲ್ಲುವ ತೋಳು ಅವನದು. ಜೆನ್ನಿಫರ್‌ಗೆ ಎಬ್ಬಿಸಲು ಯಾವ ಭೀಮನೂ ಇಲ್ಲ. ಕೊಲ್ಲಹೊರಡುವ ಮುನ್ನ ಆಕೆ ಚರ್ಚಿಗೆ ಹೋಗಿ ಕ್ಷಮೆ ಬೇಡುತ್ತಾಳೆ, ಅಷ್ಟೇ. ಬೀಭತ್ಸ, ಭಯಾನಕಗಳ ಜೊತೆಗೆ ಇಲ್ಲಿ ಕರುಣವೂ ಇದೆಯೆಂದು ನಾನು ಹೇಳುವುದು ಈ ಒಂಟಿತನವನ್ನು ನೆನೆದೇ.

ಎರಡನೆಯ ಅರ್ಧದಲ್ಲಿ ನಿರ್ದೇಶಕರು ಎಡವುತ್ತಾರೆ. ಆಕೆ ತನ್ನ ದೇಹವನ್ನೇ ಬಲೆಯಾಗಿ ಒಡ್ಡುವಾಗ ಕ್ಯಾಮೆರಾ ಮತ್ತೆ ಆ ಗಂಡಸರ ಕಣ್ಣಾಗುತ್ತದೆ, ಮೊದಲು ಗಳಿಸಿದ ಮಾನವೀಯತೆ ಸೋರಿಹೋಗುತ್ತದೆ. ಪೋಸ್ಟರ್ ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ಚಾಕು ಹಿಡಿದು ನಿಂತವಳ ಬೆನ್ನಿದೆ, ಹರಿದ ಬಟ್ಟೆಯಿದೆ, ಮುಖವಿಲ್ಲ. ಚಿತ್ರದಲ್ಲಿ ಸಾಯುವವರು ನಾಲ್ವರಾದರೂ ಅದರ ಬರಹ ಐವರೆಂದು ಸಾರುತ್ತದೆ.