ಸರ್ವರ್‌ಗೆ ಯಾವ ಫೈಲ್‌ಸಿಸ್ಟಮ್? ಇಪ್ಪತ್ತು ವರ್ಷದ ಕಗ್ಗಂಟು

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಫೋಟೋ ಸ್ಟುಡಿಯೋದ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಹತ್ತು ವರ್ಷದ ಮದುವೆ ಫೋಟೋಗಳೆಲ್ಲ ಅದರಲ್ಲೇ. ಈಚೆಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ನಾಲ್ಕು ಡಿಸ್ಕೂ ಕಂಡವು, ಅವೆಲ್ಲ ಸೇರಿ ಆದ ಪೂಲ್ ಮಾತ್ರ ನಾಪತ್ತೆ. ಮಾಲೀಕರ ಮುಖ ಬಿಳಿಚಿಕೊಂಡಿತು. ಆ ಸರ್ವರ್‌ನ ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಝಡ್‌ಎಫ್‌ಎಸ್. ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಅದರ ತುಣುಕು (ಮಾಡ್ಯೂಲ್) ಹೊಸ ಕರ್ನಲ್‌ಗೆ ಬಿಲ್ಡ್ ಆಗಿರಲಿಲ್ಲ. ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿದೆ, ಎಲ್ಲವೂ ಇದ್ದಲ್ಲೇ ಇತ್ತು. ‘ಇಷ್ಟು ಮುಖ್ಯವಾದದ್ದು ಕರ್ನಲ್ ಒಳಗೇ ಯಾಕಿಲ್ಲ?’ ಎಂದು ಅವರು ಕೇಳಿದರು.

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1988ರಲ್ಲಿ ಬರ್ಕ್ಲಿಯಿಂದ, ಹಲವು ಡಿಸ್ಕ್‌ಗಳನ್ನು ಒಂದರಂತೆ ಬಳಸುವ ರೇಡ್ ಬಗೆಗಿನ ಪ್ರಬಂಧ ಬಂತು, ತೊಂಬತ್ತರ ದಶಕದ ಕೊನೆಗೆ ಲಿನಕ್ಸ್‌ಗೆ ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಬಂತು, ಅವುಗಳ ಮೇಲೆ ಫೈಲ್‌ಸಿಸ್ಟಮ್ ಕೂತಿತು. ಪದರದ ಮೇಲೆ ಪದರ, ಒಂದಕ್ಕೆ ಇನ್ನೊಂದರ ಸುದ್ದಿಯಿಲ್ಲ.

2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಆರೆನ್ಸ್ ಆ ಪದರಗಳನ್ನೆಲ್ಲ ಒಂದು ಮಾಡಲು ಹೊರಟರು, ಅದೇ ಝಡ್‌ಎಫ್‌ಎಸ್. ಕೋಣೆಗೊಂದು ಡ್ರಮ್ ತುಂಬಿಡುವುದು ಬಿಟ್ಟು ಇಡೀ ಮನೆಗೆ ಒಂದೇ ಸಂಪ್ ಕಟ್ಟಿದ ಹಾಗೆ: ಡಿಸ್ಕ್‌ಗಳೆಲ್ಲ ಸೇರಿ ಒಂದು ಪೂಲ್, ಬೇಕಾದ ಫೈಲ್‌ಸಿಸ್ಟಮ್ ಬೇಕಾದಷ್ಟು ಜಾಗ ಎಳೆದುಕೊಳ್ಳುತ್ತದೆ. ಡೇಟಾದ ಪ್ರತಿ ತುಂಡಿನ (ಬ್ಲಾಕಿನ) ಚೆಕ್‌ಸಮ್, ಅಂದರೆ ಅದು ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ, ಅದರ ಮೇಲಿನ ಬ್ಲಾಕಿನಲ್ಲಿರುತ್ತದೆ. ಓದುವಾಗ ತಾಳೆಯಾಗದಿದ್ದರೆ ಮಿರರ್‌ನ, ಅಂದರೆ ಅದೇ ಡೇಟಾ ಇಟ್ಟುಕೊಂಡ ಇನ್ನೊಂದು ಡಿಸ್ಕಿನ, ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ಹಳೆಯ ಬ್ಲಾಕಿನ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ನಡುವೆ ಕರೆಂಟ್ ಹೋದರೂ ಹಿಂದಿನ ಸ್ಥಿತಿ ಅಳಿಯುವುದಿಲ್ಲ. ಬೇಸಿಗೆಯ ಪವರ್ ಕಟ್ ಕಂಡವರಿಗೆ ಇದರ ಬೆಲೆ ಗೊತ್ತು.

2005ರಲ್ಲಿ ಝಡ್‌ಎಫ್‌ಎಸ್ ಕೋಡ್ ಮುಕ್ತವಾಯಿತು, ಆದರೆ ಸಿಡಿಡಿಎಲ್ ಎಂಬ ಸನ್‌ನದೇ ಮುಕ್ತ ಲೈಸೆನ್ಸಿನಡಿ. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಎಂಬ ಬೇರೆಯೇ ಮುಕ್ತ ಲೈಸೆನ್ಸಿನಡಿ. ಎರಡನ್ನೂ ಬೆರೆಸಬಹುದೇ ಎಂಬುದರಲ್ಲಿ ಕಾನೂನು ಬಲ್ಲವರಿಗೇ ಇನ್ನೂ ಒಮ್ಮತವಿಲ್ಲ. 2010ರಲ್ಲಿ ಸನ್ ಒರಾಕಲ್ ಪಾಲಾಯಿತು, ಅಲ್ಲಿಂದಾಚೆಗಿನ ಕೋಡ್ ಮುಚ್ಚಿಹೋಯಿತು. ಮುಕ್ತ ಕೋಡನ್ನು ಹೊರಗೆ ಬೆಳೆಸುತ್ತಿದ್ದವರು 2013ರಲ್ಲಿ ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಒಂದಾದರು. ಲಿನಕ್ಸ್‌ನ ಒಂದು ರೂಪವಾದ ಉಬುಂಟು 2016ರಲ್ಲಿ ಮಾಡ್ಯೂಲನ್ನು ಜೊತೆಗೇ ಕೊಟ್ಟಿತು, ಡೆಬಿಯನ್‌ನಂಥ ಬೇರೆ ರೂಪಗಳಲ್ಲಿ ಇಂದಿಗೂ ಕರ್ನಲ್ ಬದಲಾದಾಗಲೆಲ್ಲ ಬಿಲ್ಡ್ ಆಗಬೇಕು. ಎರಡೂ ಕಡೆಯ ಕೋಡ್ ಮುಕ್ತವಾಗಿದ್ದೂ ಬಳಸುವವನಿಗೆ ಒಟ್ಟಿಗೆ ಸಿಗದಿರುವುದು ನನಗೆ ನೋವಿನ ಸಂಗತಿ.

ಪರ್ಯಾಯಗಳಿಲ್ಲವೆಂದಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ 2009ರಿಂದ ಕರ್ನಲ್ ಒಳಗೇ ಇದೆ, ಮಿರರ್‌ಗೆ ಒಳ್ಳೆಯದು. ಆದರೆ ಅದರ ರೇಡ್ 5 ಮತ್ತು 6 ಎಂಬ ಬಗೆಗಳನ್ನು ನಂಬಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. 2024ರಲ್ಲಿ ಕರ್ನಲ್ ಸೇರಿದ ಬಿಕ್ಯಾಶ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ 2025ರಲ್ಲೇ ಹೊರಬಿತ್ತು.

ಸ್ಟುಡಿಯೋದಲ್ಲಿ ಝಡ್‌ಎಫ್‌ಎಸ್ಸನ್ನೇ ಉಳಿಸಿಕೊಂಡಿದ್ದೇನೆ. ಮಾಡ್ಯೂಲ್ ಸಿದ್ಧವಾಗುವವರೆಗೆ ಹೊಸ ಕರ್ನಲ್ ಹಾಕುವುದಿಲ್ಲ. ತಿಂಗಳ ಮೊದಲ ಭಾನುವಾರ ರಾತ್ರಿ ಸ್ಕ್ರಬ್, ಅಂದರೆ ಎಲ್ಲ ಬ್ಲಾಕುಗಳನ್ನೂ ಓದಿ ತಾಳೆ ನೋಡುವ ಕೆಲಸ, ಓಡುತ್ತದೆ. ಪೂಲ್ ಎಷ್ಟೇ ಗಟ್ಟಿಯಿದ್ದರೂ ಅದು ಬ್ಯಾಕಪ್ ಆಗದು. ಸೋಮವಾರ ಸ್ನ್ಯಾಪ್‌ಶಾಟಿನ (ಆ ಕ್ಷಣದ ಸ್ಥಿತಿಯ ಚಿತ್ರಣದ) ಪ್ರತಿ ಹೊತ್ತ ಡಿಸ್ಕ್ ಮಾಲೀಕರ ಸ್ಕೂಟರಿನಲ್ಲಿ ಕ್ಯಾತ್ಸಂದ್ರದ ಮನೆಗೆ ಹೋಗುತ್ತದೆ.